ಹಳೆ ಕಾರ್ಖಾನೆಯನ್ನು ಮನೆ ಮಾಡುವಾಗ ಯಾವ ಕೆಲಸ ಮೊದಲು, ಯಾವುದು ಆಮೇಲೆ

ಮುಚ್ಚಿಹೋದ ಗಿರಣಿಯನ್ನೋ ಗೋದಾಮನ್ನೋ ಕೊಂಡು ಮನೆ ಮಾಡಲು ಹೊರಟವರಲ್ಲಿ ಅರ್ಧಕ್ಕೇ ಕೈಬಿಟ್ಟವರು ಬಹಳ ಮಂದಿ. ಅವರ ಮಾತು ಕೇಳಿದರೆ ಎಡವಿದ ಜಾಗ ಹೆಚ್ಚುಕಡಿಮೆ ಒಂದೇ. ಮೊದಲು ನಕ್ಷೆ ಬರೆಸಿದ್ದಾರೆ, ಆಮೇಲೆ ಕಟ್ಟಡ ಕೊಂಡಿದ್ದಾರೆ, ಗೋಡೆ ಒಡೆಯಲು ಶುರು ಮಾಡಿದ ಮೇಲೆ ಪರೀಕ್ಷೆಗೆ ಜನ ಕರೆಸಿದ್ದಾರೆ. ಆಗ ನೆಲದಡಿ ಎಣ್ಣೆ ಸಿಗುತ್ತದೆ, ಪೈಪಿನ ಸುತ್ತ ಕಲ್ನಾರು (ಆಸ್ಬೆಸ್ಟಾಸ್, ಉಸಿರಿನೊಡನೆ ಒಳಹೋದರೆ ಶ್ವಾಸಕೋಶ ಕೆಡಿಸುವ ಎಳೆ) ಸಿಗುತ್ತದೆ, ಕಾಂಕ್ರೀಟಿನೊಳಗಿನ ಕಂಬಿ ತುಕ್ಕು ಹಿಡಿದದ್ದು ಕಾಣುತ್ತದೆ. ಅಷ್ಟರಲ್ಲಿ ದುಡ್ಡು ಮುಗಿದಿರುತ್ತದೆ.

ಈ ಕೆಲಸದಲ್ಲಿ ಕ್ರಮವೇ ಮುಖ್ಯ. ಕೆಳಗಿನ ಹಂತಗಳನ್ನು ಹಿಂದುಮುಂದು ಮಾಡಬೇಡಿ. ಮೊದಲ ಮೂರು ಹಂತ ಮುಗಿಯುವ ತನಕ ಕಟ್ಟಡ ನಿಮ್ಮ ಹೆಸರಿಗೆ ಬರಲೇಬಾರದು. ಅನುಮತಿಯ ನಿಯಮಗಳು ದೇಶದಿಂದ ದೇಶಕ್ಕೆ ಬೇರೆಯಾಗುತ್ತವೆ. ಇಟ್ಟಿಗೆ, ಕಬ್ಬಿಣ, ವಿಷ, ಬೆಂಕಿ ಇವುಗಳ ಸ್ವಭಾವ ಮಾತ್ರ ಎಲ್ಲ ಕಡೆ ಒಂದೇ. ಇಲ್ಲಿ ಅದರ ಬಗ್ಗೆಯೇ ಬರೆದಿದ್ದೇನೆ.

## ಯಾರು ಬೇಕು, ಏನು ಬೇಕು

ಮೂವರು ಬೇಕೇ ಬೇಕು. ಹಳೆ ಕಟ್ಟಡಗಳಲ್ಲಿ ಕೆಲಸ ಮಾಡಿದ ಸ್ಟ್ರಕ್ಚರಲ್ ಎಂಜಿನಿಯರ್, ಮಣ್ಣು ಮತ್ತು ಗಾಳಿಯ ಮಾದರಿ ಪರೀಕ್ಷಿಸುವ ಲ್ಯಾಬ್, ಬೆಂಕಿ ಸುರಕ್ಷತೆ ಬಲ್ಲವರು. ಆರ್ಕಿಟೆಕ್ಟ್ ಬರಬೇಕಾದದ್ದು ಇವರ ನಂತರ. ಹೊಸ ಕಾಂಕ್ರೀಟ್ ಕಟ್ಟಡಗಳನ್ನಷ್ಟೇ ಕಟ್ಟಿದ ಎಂಜಿನಿಯರ್ ಎಷ್ಟೇ ಜಾಣರಿದ್ದರೂ ಎರಕದ ಕಬ್ಬಿಣದ ಕಂಬ, ಸುಣ್ಣದ ಗಾರೆಯ ಗೋಡೆ ಅವರಿಗೆ ಹೊಸದು. "ಇಂಥ ಕಟ್ಟಡ ಮುಂಚೆ ಮಾಡಿದ್ದೀರಾ, ತೋರಿಸಿ" ಎಂದು ನೇರವಾಗಿ ಕೇಳಿ.

ನಿಮ್ಮ ಚೀಲದಲ್ಲಿ ಇರಬೇಕಾದದ್ದು: ಎರಡು ಟಾರ್ಚ್, ಹೆಲ್ಮೆಟ್, ದಪ್ಪ ಅಡಿಯ ಬೂಟು, ಬೈನಾಕ್ಯುಲರ್, ತೇವ ಅಳೆಯುವ ಮೀಟರ್, ಬಿರುಕಿನ ಅಗಲ ನೋಡುವ ಗೇಜ್, ಸಣ್ಣ ಸುತ್ತಿಗೆ, ಮರ ಚುಚ್ಚಿ ನೋಡಲು ದಬ್ಬಳ, ಆಮ್ಲಜನಕ ಮತ್ತು ವಿಷಾನಿಲ ತೋರಿಸುವ ಗ್ಯಾಸ್ ಡಿಟೆಕ್ಟರ್. ಮಾಸ್ಕ್ ಅತಿ ಸಣ್ಣ ಧೂಳನ್ನೂ ತಡೆಯುವ ಪಿ100 ಅಥವಾ ಎಫ್‌ಎಫ್‌ಪಿ3 ದರ್ಜೆಯದ್ದಾಗಿರಲಿ, ಮುಖಕ್ಕೆ ಬಿಗಿಯಾಗಿ ಕೂರಲಿ. ಬಟ್ಟೆಯ ಮಾಸ್ಕ್ ಕಲ್ನಾರಿನ ಎಳೆಗಳನ್ನು ತಡೆಯುವುದಿಲ್ಲ.

## ಹಂತ 1: ಇಲ್ಲಿ ಹಿಂದೆ ಏನು ಮಾಡುತ್ತಿದ್ದರು, ಪತ್ತೆ ಮಾಡಿ

ಎಲ್ಲಕ್ಕಿಂತ ಹೆಚ್ಚು ಹೊತ್ತು ಇಲ್ಲಿ ಕಳೆಯಿರಿ. ಖರ್ಚು ಕಡಿಮೆ, ಲಾಭ ಜಾಸ್ತಿ. ಕಾರ್ಖಾನೆ ಬಾಗಿಲು ಹಾಕಿದ ಮೇಲೂ ಅಲ್ಲಿ ಬಳಸಿದ ವಸ್ತು ನೆಲದಲ್ಲಿ, ಗೋಡೆಯಲ್ಲಿ, ಚರಂಡಿಯಲ್ಲಿ ಉಳಿದುಕೊಂಡಿರುತ್ತದೆ. ಯಾವ ಕೆಲಸ ನಡೆಯುತ್ತಿತ್ತು ಎಂದು ತಿಳಿದರೆ ಯಾವ ವಿಷ ಹುಡುಕಬೇಕು ಎಂದು ಲ್ಯಾಬಿಗೆ ಹೇಳಬಹುದು. ತಿಳಿಯದಿದ್ದರೆ ಲ್ಯಾಬ್ ಸಾಮಾನ್ಯ ಪಟ್ಟಿಯನ್ನಷ್ಟೇ ಪರೀಕ್ಷಿಸುತ್ತದೆ. ನಿಮ್ಮ ಕಟ್ಟಡದ ವಿಷ ಆ ಪಟ್ಟಿಯಲ್ಲಿ ಇಲ್ಲದೆಯೂ ಇರಬಹುದು.

ಲೋಹದ ಬಿಡಿಭಾಗ ಮಾಡುತ್ತಿದ್ದ ಕಡೆ ಮತ್ತು ಡ್ರೈಕ್ಲೀನಿಂಗ್ ನಡೆದ ಕಡೆ ಟ್ರೈಕ್ಲೋರೋಎಥಿಲೀನ್, ಪರ್ಕ್ಲೋರೋಎಥಿಲೀನ್‌ನಂಥ ಜಿಡ್ಡು ತೆಗೆಯುವ ದ್ರಾವಕಗಳನ್ನು ಹುಡುಕಿಸಿ. ಲೋಹಕ್ಕೆ ಲೇಪನ ಹಾಕುವ ಕಡೆ ಕ್ರೋಮಿಯಂ, ಕ್ಯಾಡ್ಮಿಯಂ, ಸಯನೈಡ್. ಚರ್ಮ ಹದ ಮಾಡುವಲ್ಲಿ ಕ್ರೋಮಿಯಂ ಜೊತೆಗೆ ರಾಶಿ ಉಪ್ಪು. ಬ್ಯಾಟರಿ ಕಾರ್ಖಾನೆಯಲ್ಲಿ ಸೀಸ. ಕಲ್ಲಿದ್ದಲಿನಿಂದ ಗ್ಯಾಸ್ ಮಾಡುತ್ತಿದ್ದ ಜಾಗದಲ್ಲಿ ಟಾರು ಮತ್ತು ಬೆಂಜೀನ್. ಮರಕ್ಕೆ ಗೆದ್ದಲು ಹತ್ತದಂತೆ ಔಷಧಿ ಹಾಕುತ್ತಿದ್ದಲ್ಲಿ ಆರ್ಸೆನಿಕ್, ಕ್ರಿಯೋಸೋಟ್. 1970ರ ದಶಕದ ಕೊನೆಗಿಂತ ಹಳೆಯ ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್ ಇದ್ದರೆ ಅವುಗಳ ಎಣ್ಣೆಯಲ್ಲಿ ಪಿಸಿಬಿ (ಪಾಲಿಕ್ಲೋರಿನೇಟೆಡ್ ಬೈಫಿನೈಲ್) ಎಂಬ ವಿಷ ಇರುವ ಸಾಧ್ಯತೆ ಇದೆ. ಜವಳಿ ಗಿರಣಿ ನಿರಪಾಯ ಎಂದುಕೊಳ್ಳುವವರು ಬಣ್ಣ ಹಾಕುವ ವಿಭಾಗವನ್ನೂ ಯಂತ್ರದ ಎಣ್ಣೆ ಕುಡಿದ ಮರದ ನೆಲವನ್ನೂ ಮರೆತಿರುತ್ತಾರೆ.

ಇದು ಅತಿಯಾದ ಭಯ ಅನಿಸಿದರೆ ಹೊಬೋಕನ್‌ನ ಪ್ರಕರಣ ನೋಡಿ. ಅಮೆರಿಕದ ನ್ಯೂಜೆರ್ಸಿ ರಾಜ್ಯದ ಆ ಊರಿನಲ್ಲಿ, ಹಿಂದೆ ಪಾದರಸದ ದೀಪ ತಯಾರಿಸುತ್ತಿದ್ದ ಐದು ಮಹಡಿಯ ಕಟ್ಟಡವನ್ನು 1990ರ ದಶಕದಲ್ಲಿ ಕಲಾವಿದರ ಮನೆಗಳಾಗಿ ಬದಲಿಸಿದರು. ಕೆಲಸ ನಡೆಯುವಾಗ 1995ರಲ್ಲಿ ನೆಲದಲ್ಲಿ ಪಾದರಸದ ಹನಿಗಳು ಸಿಕ್ಕವು. ಮಕ್ಕಳೂ ಸೇರಿದಂತೆ ಅಲ್ಲಿದ್ದವರನ್ನೆಲ್ಲ ಖಾಲಿ ಮಾಡಿಸಿದರು. ಕಟ್ಟಡವನ್ನು ಕಡೆಗೆ ಕೆಡವಬೇಕಾಯಿತು. ಅದೇ ರಾಜ್ಯದ ಫ್ರ್ಯಾಂಕ್ಲಿನ್ ಟೌನ್‌ಶಿಪ್‌ನಲ್ಲಿ, ಥರ್ಮಾಮೀಟರ್ ಕಾರ್ಖಾನೆಯಾಗಿದ್ದ ಕಟ್ಟಡದಲ್ಲಿ ನಡೆಯುತ್ತಿದ್ದ ಶಿಶುವಿಹಾರವನ್ನು 2006ರಲ್ಲಿ ಇದೇ ಪಾದರಸದ ಕಾರಣಕ್ಕೆ ಮುಚ್ಚಿದರು. ಎರಡೂ ಕಡೆ ಗೋಡೆ ಗಟ್ಟಿ ಇತ್ತು. ಹಿಂದೆ ಅಲ್ಲಿ ಏನು ತಯಾರಾಗುತ್ತಿತ್ತು ಎನ್ನುವುದರಲ್ಲೇ ಅಪಾಯ ಇತ್ತು.

ಎಲ್ಲಿ ಹುಡುಕಬೇಕು? ಹಳೆ ನಗರ ನಕ್ಷೆಗಳು, ಬೆಂಕಿ ವಿಮೆಗಾಗಿ ಬರೆದ ನಕ್ಷೆಗಳು, ಕಾರ್ಖಾನೆ ಪರವಾನಗಿ ಕಡತಗಳು, ಹಳೆಯ ವೈಮಾನಿಕ ಚಿತ್ರಗಳು. ಎಲ್ಲಕ್ಕಿಂತ ಮಿಗಿಲಾಗಿ ಅಲ್ಲಿ ದುಡಿದ ಹಳೆ ಕಾರ್ಮಿಕರು. "ಬಳಸಿದ ಎಣ್ಣೆ ಎಲ್ಲಿಗೆ ಸುರಿಯುತ್ತಿದ್ದಿರಿ?" ಎಂಬ ಒಂದು ಪ್ರಶ್ನೆಗೆ ಅವರು ಕೊಡುವ ಉತ್ತರ ಯಾವ ಕಡತದಲ್ಲೂ ಸಿಗದು. ಬಾಯ್ಲರ್, ಟ್ರಾನ್ಸ್‌ಫಾರ್ಮರ್, ತೊಟ್ಟಿ, ನೆಲದಡಿಯ ಟ್ಯಾಂಕ್, ಚರಂಡಿ ಎಲ್ಲೆಲ್ಲಿದ್ದವು ಎಂದು ಒಂದು ಹಾಳೆಯಲ್ಲಿ ಗುರುತು ಹಾಕಿ. ಮಾದರಿ ತೆಗೆಯುವವರಿಗೆ ದಾರಿ ತೋರಿಸುವುದು ಇದೇ ಹಾಳೆ.

ಸಾಮಾನ್ಯ ತಪ್ಪು: ಕೊನೆಯ ಮಾಲೀಕರ ಕೆಲಸವನ್ನಷ್ಟೇ ವಿಚಾರಿಸುವುದು. ಕೊನೆಗೆ ಅದು ಕಾಗದದ ಗೋದಾಮಾಗಿದ್ದರೂ ಅದಕ್ಕೆ ಮುಂಚೆ ಲೇಪನದ ಕಾರ್ಖಾನೆ ಆಗಿರಬಹುದು, ಅಲ್ವಾ? ಕಟ್ಟಡ ಎದ್ದ ದಿನದಿಂದ ಇಲ್ಲಿಯವರೆಗೆ ಸಾಲು ಮಾಡಿ.

## ಹಂತ 2: ಒಳಗೆ ಹೋಗಿ ನೋಡುವುದು

ಒಬ್ಬರೇ ಹೋಗಬೇಡಿ. ಒಬ್ಬರು ಹೊರಗಿರಲಿ, ನೀವು ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಅವರಿಗೆ ಗೊತ್ತಿರಲಿ. ಮರದ ನೆಲದ ಮೇಲೆ ನಡುವೆ ನಡೆಯದೆ ಗೋಡೆಯ ಬದಿಯಲ್ಲಿ, ತೊಲೆಯ ಮೇಲೇ ಹೆಜ್ಜೆ ಇಡಿ. ಮಾಡು (ಛಾವಣಿ) ಸೋರಿದ ಜಾಗದ ಕೆಳಗಿನ ಹಲಗೆ ಮೇಲ್ನೋಟಕ್ಕೆ ಚೆನ್ನಾಗಿದ್ದು ಒಳಗೆ ಕೊಳೆತಿರುತ್ತದೆ. ನಿಂತ ನೀರಿನ ಮೇಲೆ ಕಾಲಿಡಬೇಡಿ. ಅದರಡಿ ಯಂತ್ರದ ಗುಂಡಿ ಇರಬಹುದು.

ಮುಚ್ಚಿದ ಟ್ಯಾಂಕ್, ಗುಂಡಿ, ನೆಲಮಾಳಿಗೆಗೆ ಇಳಿಯುವುದು ತರಬೇತಿ ಇದ್ದವರ ಕೆಲಸ. ಕಬ್ಬಿಣ ತುಕ್ಕು ಹಿಡಿಯುವಾಗ ಒಳಗಿನ ಆಮ್ಲಜನಕವನ್ನು ಬಳಸಿಕೊಳ್ಳುತ್ತದೆ. ಸಾಮಾನ್ಯ ಗಾಳಿಯಲ್ಲಿ ಆಮ್ಲಜನಕ ಶೇ. 20.9ರಷ್ಟಿರುತ್ತದೆ. ಮೀಟರ್ 19.5ಕ್ಕಿಂತ ಕೆಳಗೆ ತೋರಿಸಿದರೆ ಒಳಗೆ ಹೋಗಲೇಬಾರದು. ಕೊಳೆತ ಮೊಟ್ಟೆಯ ವಾಸನೆ ಬಂದು ಇದ್ದಕ್ಕಿದ್ದಂತೆ ನಿಂತರೆ ಅಪಾಯ ಕಳೆಯಿತು ಎಂದಲ್ಲ. ಆ ವಾಸನೆಯ ಅನಿಲವಾದ ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಾದಾಗ ಮೂಗು ವಾಸನೆ ಹಿಡಿಯುವುದನ್ನೇ ನಿಲ್ಲಿಸುತ್ತದೆ. ಕೂಡಲೇ ಹೊರಗೆ ಬನ್ನಿ.

ಕರೆಂಟ್ ಕಡಿದಿದ್ದಾರೆ ಎಂದು ಮಾಲೀಕರು ಹೇಳಿದರೂ ಪ್ರತಿ ವೈರಿನಲ್ಲೂ ಕರೆಂಟ್ ಇದೆ ಎಂದೇ ನಡೆದುಕೊಳ್ಳಿ. ಏನನ್ನೂ ಗುಡಿಸಬೇಡಿ, ಕೊರೆಯಬೇಡಿ, ಹರಿಯಬೇಡಿ. ಒಣ ಪಾರಿವಾಳದ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಸೋಂಕು ತರುತ್ತದೆ. ಪೈಪಿಗೆ ಸುತ್ತಿದ ಬಿಳಿ ಪದರ, ಹಳೆ ಸಿಮೆಂಟ್ ಶೀಟು, ಬಾಯ್ಲರಿನ ಹೊದಿಕೆ, ಗಟ್ಟಿ ನೆಲದ ಟೈಲ್ಸ್ ಇವುಗಳಲ್ಲೆಲ್ಲ ಕಲ್ನಾರು ಇರಬಹುದು. ಕಣ್ಣಿನಿಂದ ನೋಡಿ ಖಚಿತವಾಗಿ ಹೇಳಲು ಯಾರಿಂದಲೂ ಆಗದು, ಲ್ಯಾಬ್ ಮಾತ್ರ ಹೇಳಬಲ್ಲದು. ಅಲ್ಲಿಯವರೆಗೆ ಇದೆ ಎಂದೇ ತಿಳಿಯಿರಿ.

## ಹಂತ 3: ಕೊಳ್ಳುವ ಮುನ್ನ ಸಿಗಬೇಕಾದ ಉತ್ತರಗಳು

ಮೊದಲನೆಯದು, ಆ ಜಾಗದಲ್ಲಿ ಜನ ವಾಸ ಮಾಡಲು ಅನುಮತಿ ಸಿಗುತ್ತದೆಯೇ? ಕೈಗಾರಿಕೆಗೆ ಮೀಸಲಾದ ಜಾಗವನ್ನು ವಸತಿಗೆ ಬದಲಿಸುವುದು ಬೇರೆಯೇ ಅರ್ಜಿ. ಬಳಕೆ ಬದಲಾದರೆ ಕಟ್ಟಡ ಇಂದಿನ ಬೆಂಕಿ ಮತ್ತು ಭೂಕಂಪ ನಿಯಮಗಳಿಗೆ ಹೊಂದಬೇಕು ಎಂದು ಬಹಳ ಕಡೆ ಕೇಳುತ್ತಾರೆ. ಪಕ್ಕದಲ್ಲಿ ಇನ್ನೂ ನಡೆಯುತ್ತಿರುವ ಕಾರ್ಖಾನೆ ಇದ್ದರೆ ಅದರ ಸದ್ದು, ಹೊಗೆ, ಲಾರಿ ಓಡಾಟವನ್ನೂ ಲೆಕ್ಕ ಹಾಕಿ.

ಎರಡನೆಯದು, ವಿಷ ಸಿಕ್ಕರೆ ತೆಗೆಸುವ ಖರ್ಚು ಯಾರದ್ದು? ಹಿಂದಿನವರು ಚೆಲ್ಲಿದ್ದನ್ನು ತೆಗೆಸುವ ಹೊಣೆ ಹಲವು ದೇಶಗಳ ಕಾನೂನಿನಲ್ಲಿ ಈಗಿನ ಮಾಲೀಕರ ಮೇಲೂ ಬೀಳುತ್ತದೆ. ಪರೀಕ್ಷೆಯ ಫಲ ನೋಡಿಯೇ ಒಪ್ಪಂದ ಪೂರ್ತಿಯಾಗುವಂತೆ ಷರತ್ತು ಬರೆಸಿ, ವಕೀಲರಿಂದ ಓದಿಸಿ.

ಮೂರನೆಯದು, ಮಣ್ಣು, ನೆಲದಡಿಯ ಗಾಳಿ, ಅಂತರ್ಜಲ, ಕಟ್ಟಡದ ಸಾಮಗ್ರಿ ಇವುಗಳ ಮಾದರಿ ಫಲಿತಾಂಶ. ಮಣ್ಣು ಮಾತ್ರ ಪರೀಕ್ಷಿಸಿ ನಿಲ್ಲಿಸುವುದು ದೊಡ್ಡ ತಪ್ಪು. ದ್ರಾವಕಗಳ ಆವಿ ಕಾಂಕ್ರೀಟ್ ನೆಲದ ಸಣ್ಣ ಬಿರುಕಿನಿಂದ, ಪೈಪ್ ಹಾದ ತೂತಿನಿಂದ ಮೇಲೇರಿ ಮನೆಯೊಳಗೆ ಸೇರುತ್ತದೆ. ಮೂಲ ಪಕ್ಕದ ಜಾಗದಲ್ಲಿದ್ದರೂ ಅಂತರ್ಜಲದ ಜೊತೆ ಹರಿದು ನಿಮ್ಮ ನೆಲದಡಿಗೆ ಬಂದಿರಬಹುದು.

ಹಿಂದೆ ಸರಿಯಬೇಕಾದ ಸೂಚನೆಗಳು ಹೀಗಿವೆ. ಮಾರುವವರು ಮಾದರಿ ತೆಗೆಯಲು ಬಿಡುವುದಿಲ್ಲ. ನೆಲದಡಿಯ ಟ್ಯಾಂಕುಗಳ ದಾಖಲೆಯೇ ಇಲ್ಲ. ಇತ್ತೀಚೆಗೆ ನೆಲಕ್ಕೆ ಮಾತ್ರ ಹೊಸ ಕಾಂಕ್ರೀಟ್ ಹಾಕಿದ್ದಾರೆ, ಯಾಕೆಂದು ಹೇಳುತ್ತಿಲ್ಲ. "ಬೇರೆಯವರು ನಾಳೆ ಅಡ್ವಾನ್ಸ್ ಕೊಡುತ್ತಾರೆ" ಎಂದು ಅವಸರ ಮಾಡುತ್ತಾರೆ. ಈ ನಾಲ್ಕರಲ್ಲಿ ಎರಡು ಕಂಡರೆ ನಾನಾದರೆ ಎದ್ದು ಬರುತ್ತೇನೆ.

ಹಣದ ಲೆಕ್ಕದಲ್ಲಿ ಒಟ್ಟು ಖರ್ಚಿನ ಐದರಲ್ಲೊಂದು ಭಾಗವನ್ನಾದರೂ ಗೊತ್ತಿಲ್ಲದ ಕೆಲಸಕ್ಕೆ ಎತ್ತಿಡಿ. ಅದನ್ನು ಅಡುಗೆಮನೆಯ ಕಪಾಟಿಗೋ ದೀಪಕ್ಕೋ ಮುಟ್ಟಬೇಡಿ.

## ಹಂತ 4: ಮೊದಲು ನೀರು ನಿಲ್ಲಿಸಿ

ಕಟ್ಟಡ ಕೈಗೆ ಬಂದ ಕೂಡಲೇ ಮಾಡಬೇಕಾದದ್ದು ಇದೊಂದೇ. ಮಾಡಿನ ತೂತು, ಒಡೆದ ಗಾಜು, ಕಸ ಕಟ್ಟಿಕೊಂಡ ಮಳೆನೀರಿನ ದೋಣಿ (ಗಟರ್), ಮುರಿದ ಇಳಿಕೊಳವೆ ಸರಿಮಾಡಿ. ತಾತ್ಕಾಲಿಕ ಶೀಟು ಹೊದಿಸಿದರೂ ಸಾಕು. ಗರಗಸದ ಹಲ್ಲಿನ ಆಕಾರದ ಮಾಡುಗಳಲ್ಲಿ ಎರಡು ಇಳಿಜಾರಿನ ನಡುವಿನ ದೋಣಿಯೇ ಮೊದಲು ಕೆಡುವುದು. ಅಲ್ಲಿ ನಿಂತ ನೀರು ನೇರ ಟ್ರಸ್‌ನ (ಮಾಡನ್ನು ಹೊರುವ ಚೌಕಟ್ಟಿನ) ಬುಡಕ್ಕೆ ಇಳಿಯುತ್ತದೆ. ಹಳೆ ಸಿಮೆಂಟ್ ಶೀಟಿನ ಮೇಲೆ ಹತ್ತಬೇಡಿ. ಅದು ಮುರಿದು ಬಿದ್ದು ಸತ್ತವರು ಎಷ್ಟೋ ಜನ. ಹಲಗೆ ಹಾಸಿ, ಬೆಲ್ಟ್ ಕಟ್ಟಿ, ಬಲ್ಲವರೇ ಹತ್ತಲಿ.

ಗೋಡೆಯಲ್ಲಿ ಬೇರುಬಿಟ್ಟ ಗಿಡವನ್ನು ಎಳೆದು ಕೀಳಬೇಡಿ, ಇಟ್ಟಿಗೆಯೂ ಜೊತೆಗೆ ಬರುತ್ತದೆ. ಬುಡದಲ್ಲಿ ಕತ್ತರಿಸಿ, ಬೇರನ್ನು ಸಾಯಿಸಿ, ಒಣಗಿದ ಮೇಲೆ ಗಾರೆ ತುಂಬಿ.

ಆಮೇಲೆ ಕಿಟಕಿ ತೆರೆದು ಗಾಳಿ ಆಡಲು ಬಿಡಿ. ನೆನೆದ ದಪ್ಪ ಗೋಡೆ ಒಣಗಲು 25 ಮಿಲಿಮೀಟರ್ ದಪ್ಪಕ್ಕೆ ಸುಮಾರು ಒಂದು ತಿಂಗಳು ಎಂಬುದು ಈ ಕೆಲಸದಲ್ಲಿ ಬಳಕೆಯ ಲೆಕ್ಕ. 450 ಮಿಲಿಮೀಟರ್ ಗೋಡೆಗೆ ಒಂದೂವರೆ ವರ್ಷ ಆಯಿತು. ಹೀಟರ್ ಹಚ್ಚಿ ಅವಸರದಲ್ಲಿ ಒಣಗಿಸಿದರೆ ಮೇಲ್ಮೈಯಲ್ಲಿ ಉಪ್ಪು ಉಬ್ಬುತ್ತದೆ, ಮರ ಸೀಳುತ್ತದೆ. ಈ ಕಾಯುವ ಹೊತ್ತು ವ್ಯರ್ಥ ಆಗುವುದಿಲ್ಲ. ಮುಂದಿನ ಎರಡು ಹಂತ ಇದೇ ಸಮಯದಲ್ಲಿ ನಡೆಯುತ್ತವೆ.

## ಹಂತ 5: ಕಟ್ಟಡದ ಎಲುಬು ಪರೀಕ್ಷಿಸಿ

ಕಾರ್ಖಾನೆಯ ನೆಲ ಮನೆಯ ನೆಲಕ್ಕಿಂತ ಎಷ್ಟೋ ಪಟ್ಟು ಭಾರ ಹೊರಲು ಕಟ್ಟಿದ್ದು. ಮನೆಗೆ ಸಾಮಾನ್ಯವಾಗಿ ಚದರ ಮೀಟರಿಗೆ 200 ಕಿಲೋ ಲೆಕ್ಕ ಹಿಡಿದರೆ, ಹಗುರ ಕೈಗಾರಿಕೆಗೆ 600 ಕಿಲೋ, ಭಾರಿ ಯಂತ್ರಗಳಿಗೆ 1200 ಕಿಲೋ ಹಿಡಿಯುವುದುಂಟು. ಇದನ್ನು ಕೇಳಿ ಜನ ನಿಶ್ಚಿಂತರಾಗುತ್ತಾರೆ. ತೊಂದರೆ ಬರುವುದು ಬೇರೆ ಕಡೆಯಿಂದ. ಶೀಟು ಹೊದಿಸಿದ ಶೆಡ್ಡಿನ ಟ್ರಸ್ ಆ ಶೀಟನ್ನೂ ಗಾಳಿಯನ್ನೂ ತಡೆಯುವಷ್ಟೇ ಗಟ್ಟಿ. ಅದಕ್ಕೆ ಫಾಲ್ಸ್ ಸೀಲಿಂಗ್ ನೇತುಹಾಕುವುದು, ಮೇಲೆ ಸೋಲಾರ್ ಫಲಕ ಇಡುವುದು, ಅಟ್ಟ ಕಟ್ಟುವುದು ಲೆಕ್ಕ ಮಾಡಿಸದೆ ಸಲ್ಲದು. ಅಡ್ಡ ಬರುತ್ತದೆ ಎಂದು ಓರೆಯಾಗಿರುವ ಕಬ್ಬಿಣದ ಪಟ್ಟಿ ತೆಗೆಯುವವರೂ ಇದ್ದಾರೆ. ಗಾಳಿಗೆ ಇಡೀ ಚೌಕಟ್ಟು ವಾಲದಂತೆ ಹಿಡಿದಿರುವುದೇ ಆ ಪಟ್ಟಿ.

ಇಟ್ಟಿಗೆ ಗೋಡೆ. ಗೋಡೆ ಮತ್ತು ಮಹಡಿಗಳ ನಡುವೆ ಹಿಡಿತ ಇದೆಯೇ ನೋಡಿ. ಹಳೆ ಗಿರಣಿಗಳಲ್ಲಿ ತೊಲೆಯ ತುದಿ ಗೋಡೆಯ ಮೇಲೆ ಸುಮ್ನೆ ಕೂತಿರುತ್ತದೆ. ಭೂಕಂಪ ಬಂದರೆ ಗೋಡೆ ಹೊರಕ್ಕೆ ಬೀಳುತ್ತದೆ. ಮಾಡಿನ ಅಂಚಿನ ಕೈಪಿಡಿ ಗೋಡೆ (ಪ್ಯಾರಪೆಟ್) ಮತ್ತು ಚಿಮಣಿ ಎಲ್ಲಕ್ಕಿಂತ ಮೊದಲು ಉರುಳುವವು. ಬಿರುಕು ಕಂಡರೆ ಕೂಡಲೇ ತುಂಬಬೇಡಿ. ಗೇಜ್ ಹಚ್ಚಿ, ದಿನಾಂಕ ಬರೆದು, ಮಳೆ ಮತ್ತು ಬಿಸಿಲು ಎರಡೂ ಕಳೆಯುವ ತನಕ ನೋಡಿ. ಋತುವಿಗೆ ತಕ್ಕಂತೆ ಹಿಗ್ಗಿ ಕುಗ್ಗುವ ಬಿರುಕಿಗೂ ಒಂದೇ ದಿಕ್ಕಿಗೆ ಬೆಳೆಯುವ ಬಿರುಕಿಗೂ ಮದ್ದು ಬೇರೆ. ಎರಡನೆಯದು ಅಡಿಪಾಯದ ಸುದ್ದಿ.

ಎರಕದ ಕಬ್ಬಿಣ. ಕಂಬವಾಗಿ ಒತ್ತಡ ಚೆನ್ನಾಗಿ ತಡೆಯುತ್ತದೆ, ಎಳೆತ ಮತ್ತು ಬಾಗುವಿಕೆಗೆ ದುರ್ಬಲ. ಮುರಿಯುವ ಮುಂಚೆ ಬಾಗಿ ಎಚ್ಚರಿಕೆ ಕೊಡುವುದಿಲ್ಲ, ಒಮ್ಮೆಲೇ ಸೀಳುತ್ತದೆ. ಉಕ್ಕಿನಂತೆ ಇದಕ್ಕೆ ವೆಲ್ಡಿಂಗ್ ಮಾಡಲು ಹೋಗಬೇಡಿ. ಹೊಸ ತೊಲೆ ಸೇರಿಸುವುದಿದ್ದರೆ ಕ್ಲ್ಯಾಂಪ್ ಹಾಕಬೇಕು, ಇಲ್ಲವೇ ಪಕ್ಕದಲ್ಲಿ ಹೊಸ ಕಂಬ ನಿಲ್ಲಿಸಬೇಕು.

ಕಾಂಕ್ರೀಟ್. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆ ಗುರುತು ಹಾಕಿ. ಕಂಬಿಯ ಉದ್ದಕ್ಕೇ ಬಿರುಕು, ಕಂದು ಕಲೆ ಕಂಡರೆ ಒಳಗೆ ತುಕ್ಕು ಹಿಡಿದಿದೆ. ಎಂಜಿನಿಯರ್ ಹೊಸದಾಗಿ ಒಡೆದ ಮುಖಕ್ಕೆ ಫಿನಾಲ್ಫ್ತಲೀನ್ ಸಿಂಪಡಿಸಿ ನೋಡುತ್ತಾರೆ. ಕ್ಷಾರ ಉಳಿದಿರುವ ಕಾಂಕ್ರೀಟ್ ಗುಲಾಬಿ ಬಣ್ಣ ತಾಳುತ್ತದೆ, ಗಾಳಿಯ ಇಂಗಾಲದ ಡೈಆಕ್ಸೈಡ್ ತಾಗಿ ಕ್ಷಾರ ಕಳೆದುಕೊಂಡದ್ದು ಹಾಗೇ ಉಳಿಯುತ್ತದೆ. ಬಣ್ಣ ಬಾರದ ಪದರ ಕಂಬಿಯ ಆಳ ಮುಟ್ಟಿದ್ದರೆ ಕಂಬಿಗೆ ಇನ್ನು ರಕ್ಷಣೆ ಇಲ್ಲ. ಅಂಥ ಕಡೆ ಮೇಲೆ ಪ್ಲಾಸ್ಟರ್ ಬಳಿದು ಮುಚ್ಚಿದರೆ ಒಳಗೆ ತುಕ್ಕು ಉಬ್ಬುತ್ತಲೇ ಹೋಗಿ ಆ ಪ್ಲಾಸ್ಟರನ್ನೇ ತಳ್ಳಿ ಬೀಳಿಸುತ್ತದೆ.

ಮರ. ಗೋಡೆಯೊಳಗೆ ಹೋದ ತೊಲೆಯ ತುದಿ ನೋಡಿ, ಮಧ್ಯ ನೋಡಿ ಮೋಸ ಹೋಗಬೇಡಿ. ದಬ್ಬಳ ಸಲೀಸಾಗಿ ಇಳಿದರೆ ಅಲ್ಲಿ ಕೊಳೆತಿದೆ ಅಥವಾ ಗೆದ್ದಲು ತಿಂದಿದೆ.

ಗೋಡೆಯಲ್ಲಿ ಹೊಸ ಬಾಗಿಲು ತೆರೆಯುವಾಗ ಮೊದಲು ಜಾಕಿ ಕೊಟ್ಟು ಮೇಲಿನ ಭಾರ ಹೊರಿಸಿ, ಆಮೇಲೆ ತೊಲೆ ಕೂರಿಸಿ, ಕೊನೆಗೆ ಇಟ್ಟಿಗೆ ತೆಗೆಯಿರಿ. ಒಂದೇ ದಿನ ಸಾಲಾಗಿ ನಾಲ್ಕು ಬಾಗಿಲು ಒಡೆಯುವ ಮೇಸ್ತ್ರಿಯನ್ನು ಅಲ್ಲೇ ನಿಲ್ಲಿಸಿ.

## ಹಂತ 6: ವಿಷ ತೆಗೆಸುವುದು

ಒಡೆಯುವ ಕೆಲಸಕ್ಕೆ ಮುಂಚೆ ಇದು ಮುಗಿಯಬೇಕು. ಕಲ್ನಾರು ಮೊದಲು, ಯಾಕೆಂದರೆ ಉಳಿದ ಯಾವ ಕೆಲಸ ಮಾಡಿದರೂ ಅದು ಗಾಳಿಗೆ ಏಳುತ್ತದೆ. ಪರವಾನಗಿ ಇರುವವರೇ ಜಾಗವನ್ನು ಮುಚ್ಚಿ, ಒದ್ದೆ ಮಾಡಿ ತೆಗೆಯಬೇಕು. ತೆಗೆದ ಕಂಪನಿಯೇ "ಗಾಳಿ ಸ್ವಚ್ಛ" ಎಂದು ಬರೆದುಕೊಟ್ಟರೆ ಒಪ್ಪಬೇಡಿ, ಬೇರೆ ಲ್ಯಾಬ್ ಬಂದು ಅಳೆಯಲಿ.

ಹಳೆ ಉಕ್ಕಿನ ಕೆಂಪು ಬಣ್ಣದಲ್ಲಿ ಸೀಸ ಇರುವುದು ಸಾಮಾನ್ಯ. ಅದನ್ನು ಒಣದಾಗಿ ಉಜ್ಜಬಾರದು, ಬೆಂಕಿಯಿಂದ ಸುಡಬಾರದು. ಒದ್ದೆ ಮಾಡಿ ತೆಗೆಯಬೇಕು, ಗಟ್ಟಿ ಇದ್ದರೆ ಮೇಲೆ ಸರಿಯಾದ ಲೇಪನ ಕೊಟ್ಟು ಮುಚ್ಚಬಹುದು. ಆ ಧೂಳು ಬಟ್ಟೆಗೆ ಅಂಟಿ ಕೆಲಸಗಾರರ ಮನೆಯ ಮಕ್ಕಳವರೆಗೂ ಹೋಗುತ್ತದೆ. ಬಟ್ಟೆ ಬದಲಿಸಿ ಕೈಕಾಲು ತೊಳೆಯಲು ಸೈಟಿನಲ್ಲೇ ಜಾಗ ಮಾಡಿಕೊಡಿ. ಇದು ಅವರಿಗೆ ತೋರಿಸುವ ದಯೆ ಅಲ್ಲ, ನಿಮ್ಮ ಹೊಣೆ.

ಎಣ್ಣೆ ಕುಡಿದ ಮರದ ನೆಲವನ್ನು ಪಾಲಿಶ್ ಮಾಡಿ ಉಳಿಸುವ ಆಸೆ ಎಲ್ಲರಿಗೂ. ವಾಸನೆ ಹೋಗುವುದಿಲ್ಲ, ಬೆಂಕಿಯೂ ಬೇಗ ಹಿಡಿಯುತ್ತದೆ. ಆ ಹಲಗೆಗಳನ್ನು ತೆಗೆದುಬಿಡಿ.

ನೆಲದಡಿ ದ್ರಾವಕದ ಆವಿ ಇದ್ದರೆ ಬಿರುಕು ಮುಚ್ಚಿ ಪೊರೆ ಹಾಸುವುದರ ಜೊತೆಗೆ, ಕಾಂಕ್ರೀಟಿನ ಕೆಳಗೆ ಕೊಳವೆ ಇಟ್ಟು ಫ್ಯಾನಿನಿಂದ ಆವಿಯನ್ನು ಮಾಡಿನ ಮೇಲಕ್ಕೆ ಎಳೆದು ಬಿಡುವ ವ್ಯವಸ್ಥೆ ಬೇಕು. ಈ ಫ್ಯಾನ್ ಸದಾ ಓಡುತ್ತಿರಬೇಕು. ನಿಂತರೆ ಗಂಟೆ ಬಾರಿಸುವ ಎಚ್ಚರಿಕೆ ಹಾಕಿಸಿ.

## ಹಂತ 7: ಈಗ ನಕ್ಷೆ ಬರೆಯಿರಿ

ಬೆಳಕಿನಿಂದ ಶುರು ಮಾಡಿ. ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರ ಇದೆಯೋ ಅದರ ಎರಡರಿಂದ ಎರಡೂವರೆ ಪಟ್ಟು ಆಳದವರೆಗೆ ಹಗಲಿನ ಬೆಳಕು ಸಾಕಷ್ಟು ತಲುಪುತ್ತದೆ. ಮೇಲಂಚು 3 ಮೀಟರ್ ಇದ್ದರೆ 6ರಿಂದ 7.5 ಮೀಟರ್. ಎರಡೂ ಕಡೆ ಕಿಟಕಿ ಇರುವ 14 ಮೀಟರ್ ಅಗಲದ ಗಿರಣಿ ಮನೆಗೆ ಹೇಳಿಮಾಡಿಸಿದ್ದು. 40 ಮೀಟರ್ ಅಗಲದ ಗೋದಾಮಿನ ಮಧ್ಯ ಹಗಲಲ್ಲೂ ಕತ್ತಲೆ. ಸ್ನಾನದ ಮನೆ, ಮೆಟ್ಟಿಲು, ಉಗ್ರಾಣಗಳನ್ನು ಮಧ್ಯಕ್ಕೆ ತಂದರೂ ಸಾಲದಿದ್ದರೆ ಮಾಡು ತೆರೆದು ನಡುವೆ ಅಂಗಳ ಕೊರೆಯಬೇಕು. ಜಾಗ ಕಳೆದುಕೊಂಡೆವಲ್ಲ ಎಂದು ಸಂಕಟಪಡಬೇಡಿ. ಕಿಟಕಿಯಿಲ್ಲದ ಮಲಗುವ ಕೋಣೆಗೆ ಬಹಳ ಕಡೆ ಅನುಮತಿಯೇ ಸಿಗುವುದಿಲ್ಲ.

ಕೆಲವು ಕಟ್ಟಡಗಳು ಮನೆಯಾಗಲು ಒಪ್ಪುವುದಿಲ್ಲ. ಒಪ್ಪಿಸಲು ಹೋಗಬೇಡಿ. ಆಳವಾದ ಶೆಡ್ಡು ಕಾರ್ಯಾಗಾರ, ಮಾರುಕಟ್ಟೆ, ಗ್ರಂಥಾಲಯ, ಆಟದ ಅಂಕಣಕ್ಕೆ ಚೆನ್ನಾಗಿ ಹೊಂದುತ್ತದೆ. ಲಂಡನ್ನಿನ ಬ್ಯಾಂಕ್‌ಸೈಡ್ ವಿದ್ಯುತ್ ಸ್ಥಾವರ 2000ದಲ್ಲಿ ಟೇಟ್ ಮಾಡರ್ನ್ ಕಲಾಸಂಗ್ರಹಾಲಯವಾದಾಗ ಟರ್ಬೈನ್ ಇದ್ದ ದೊಡ್ಡ ಹಜಾರವನ್ನು ಮಹಡಿಗಳಾಗಿ ಕತ್ತರಿಸದೆ ಹಜಾರವಾಗಿಯೇ ಉಳಿಸಿದರು.

ಧಾನ್ಯದ ಕಣಜ, ಗ್ಯಾಸ್ ಟ್ಯಾಂಕ್‌ಗಳದ್ದು ಬೇರೆಯೇ ಲೆಕ್ಕ. ಕಾಂಕ್ರೀಟ್ ಕಣಜದ ಬಲ ಇರುವುದು ಅದರ ಮುರಿಯದ ಸುತ್ತಿನಲ್ಲಿ. ಕಿಟಕಿಗೆಂದು ತೂತು ಜಾಸ್ತಿ ಕೊರೆದಷ್ಟೂ ಬಲ ಇಳಿಯುತ್ತದೆ. ಕೋಪನ್‌ಹೇಗನ್‌ನ ಬೀಜದ ಕಣಜಗಳನ್ನು 2005ರಲ್ಲಿ ವಸತಿಯಾಗಿ ಬದಲಿಸಿದ ಎಂವಿಆರ್‌ಡಿವಿ ಎಂಬ ಸಂಸ್ಥೆಯ ವಾಸ್ತುಶಿಲ್ಪಿಗಳು ಈ ಕಾರಣಕ್ಕೇ ಮನೆಗಳನ್ನು ಕಣಜದ ಹೊರಮೈಗೆ ತೂಗುಹಾಕಿದರು, ಒಳಭಾಗವನ್ನು ಮೆಟ್ಟಿಲು ಮತ್ತು ಓಡಾಟಕ್ಕೆ ಬಿಟ್ಟರು. ವಿಯೆನ್ನಾದ ನಾಲ್ಕು ಗ್ಯಾಸ್ ಟ್ಯಾಂಕುಗಳಲ್ಲಿ ಹಳೆ ಇಟ್ಟಿಗೆಯ ಸುತ್ತುಗೋಡೆ ಉಳಿಸಿ ಒಳಗೆ ಹೊಸದಾಗಿಯೇ ಮನೆಗಳನ್ನು ಕಟ್ಟಿದರು, 2001ರಲ್ಲಿ ಅವು ಮುಗಿದವು. ಹಳೆಯದು ಏನನ್ನು ಹೊರಬಲ್ಲದೋ ಅದನ್ನಷ್ಟೇ ಅದರ ಮೇಲೆ ಹೊರಿಸಿದ್ದಾರೆ. ನಿಮ್ಮ ನಕ್ಷೆಯನ್ನೂ ಇದೇ ಪ್ರಶ್ನೆಯಿಂದ ಅಳೆಯಿರಿ.

ಅಟ್ಟ ಕಟ್ಟುವ ಮುನ್ನ ಎತ್ತರ ಅಳೆಯಿರಿ. ಕೆಳಗೆ 2.3 ಮೀಟರ್, ಅಟ್ಟದ ದಪ್ಪ 0.3, ಮೇಲೆ 2.3 ಸೇರಿದರೆ 4.9 ಮೀಟರ್ ಆಯಿತು. ಅದಕ್ಕಿಂತ ಕಡಿಮೆ ಇದ್ದರೆ ಮೇಲೆ ಮಲಗಬಹುದು, ನಿಲ್ಲಲು ಕಷ್ಟ. ಅಟ್ಟವನ್ನು ಕಿಟಕಿಯಿಂದ ಹಿಂದಕ್ಕೆ ಇಡಿ, ಇಲ್ಲದಿದ್ದರೆ ಕೆಳಗಿನ ಬೆಳಕು ಹೋಗುತ್ತದೆ. ಹಳೆ ಗೋಡೆಗೆ ಸಿಕ್ಕಿಸದೆ ತನ್ನದೇ ಕಂಬಗಳ ಮೇಲೆ ನಿಲ್ಲಿಸುವುದು ನನಗೆ ಹಿಡಿಸಿದ ದಾರಿ. ಲೆಕ್ಕ ಸುಲಭ, ಹಳೆ ಗೋಡೆಗೂ ನೋವಿಲ್ಲ.

## ಹಂತ 8: ಬೆಂಕಿ

2016ರ ಡಿಸೆಂಬರ್ 2ರಂದು ಅಮೆರಿಕದ ಓಕ್‌ಲ್ಯಾಂಡ್‌ನ ಘೋಸ್ಟ್ ಶಿಪ್ ಗೋದಾಮಿಗೆ ಬೆಂಕಿ ಬಿದ್ದು 36 ಜನ ಸತ್ತರು. ಅನುಮತಿ ಇಲ್ಲದೆ ಜನ ಅಲ್ಲಿ ವಾಸವಿದ್ದರು, ಕಾರ್ಯಕ್ರಮ ನಡೆಸುತ್ತಿದ್ದರು. ನೀರು ಚಿಮ್ಮುವ ಸ್ಪ್ರಿಂಕ್ಲರ್ ಇರಲಿಲ್ಲ. ಮೇಲಿನ ಮಹಡಿಯಿಂದ ಇಳಿಯುವ ದಾರಿ ಇಕ್ಕಟ್ಟಾಗಿತ್ತು. "ಕೆಲಸ ಮುಗಿಯುವ ತನಕ ಇಲ್ಲೇ ಮಲಗೋಣ, ಬಾಡಿಗೆ ಉಳಿಯುತ್ತದೆ" ಎನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಬೇಡ. ಒಂದು ರಾತ್ರಿಗೂ ಬೇಡ.

ಪ್ರತಿ ಮನೆಯಿಂದ ಹೊರಗೆ ಹೋಗಲು ಒಂದಕ್ಕೊಂದು ಸಂಬಂಧ ಇಲ್ಲದ ಎರಡು ದಾರಿ ಇರುವಂತೆ ನೋಡಿಕೊಳ್ಳಿ. ಮೆಟ್ಟಿಲಿನ ಸುತ್ತ ಬೆಂಕಿ ತಡೆಯುವ ಗೋಡೆ, ತಾನೇ ಮುಚ್ಚುವ ಬಾಗಿಲು ಬೇಕು. ಮನೆಮನೆಯ ನಡುವಿನ ಗೋಡೆ ಫಾಲ್ಸ್ ಸೀಲಿಂಗ್‌ವರೆಗೆ ಬಂದು ನಿಂತರೆ ಆಗದು. ಮಾಡಿನ ಅಡಿಯವರೆಗೂ ಹೋಗಬೇಕು.

ಹಳೆ ಗಿರಣಿಗಳಲ್ಲಿ ಯಂತ್ರದ ಪಟ್ಟಿ, ಪೈಪು, ಸಾಮಾನು ಎತ್ತುವ ಸರಪಳಿ ಹಾಯಲು ಮಹಡಿಯಿಂದ ಮಹಡಿಗೆ ತೂತುಗಳಿರುತ್ತವೆ. ಇವನ್ನು ಹಲಗೆ ಬಡಿದು ಮುಚ್ಚಿರುತ್ತಾರೆ. ಹೊಗೆ ಮೇಲೇರುವುದು ಇವುಗಳಿಂದಲೇ. ಒಂದೊಂದನ್ನೂ ಹುಡುಕಿ ಬೆಂಕಿ ತಡೆಯುವ ಸಾಮಗ್ರಿಯಿಂದ ತುಂಬಿ. ನೋಡಿದವರೆಲ್ಲ ಮರೆಯುವ ಕೆಲಸ ಇದು.

ತೆರೆದ ಉಕ್ಕಿನ ತೊಲೆ ನೋಡಲು ಚಂದ. ಆದರೆ ಸುಮಾರು 550 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉಕ್ಕು ತನ್ನ ಬಲದ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಬಿಸಿಗೆ ಉಬ್ಬಿ ಹೊದಿಕೆಯಾಗುವ ಬಣ್ಣ ಬಳಿಸಿ ಅಥವಾ ಬೆಂಕಿ ತಡೆಯುವ ಹಲಗೆ ಹೊದಿಸಿ. ದಪ್ಪ ಮರದ ತೊಲೆ ಇದಕ್ಕಿಂತ ನಿಧಾನ. ನಿಮಿಷಕ್ಕೆ ಸುಮಾರು 0.7 ಮಿಲಿಮೀಟರ್ ಇದ್ದಲಾಗುತ್ತಾ ಹೋಗುತ್ತದೆ, ಒಳಗಿನ ಮರ ಭಾರ ಹೊರುತ್ತಿರುತ್ತದೆ. ಎಷ್ಟು ನಿಮಿಷ ತಡೆಯುತ್ತದೆ ಎಂದು ಎಂಜಿನಿಯರ್ ಲೆಕ್ಕ ಹಾಕಿ ಕೊಡಬಲ್ಲರು.

## ಹಂತ 9: ಗೋಡೆ, ತೇವ, ಶಾಖ

ಸುಣ್ಣದ ಗಾರೆಯಿಂದ ಕಟ್ಟಿದ ಗೋಡೆ ನೀರನ್ನು ಹೀರಿ ಮತ್ತೆ ಗಾಳಿಗೆ ಬಿಡುತ್ತದೆ. ಅದರ ಸಂದುಗಳಿಗೆ ಗಟ್ಟಿ ಸಿಮೆಂಟ್ ತುಂಬಿದರೆ ನೀರು ಸಂದಿನಿಂದ ಹೊರಬರಲಾರದೆ ಇಟ್ಟಿಗೆಯೊಳಗೇ ಉಳಿಯುತ್ತದೆ. ಕೆಲವು ವರ್ಷದಲ್ಲಿ ಇಟ್ಟಿಗೆಯ ಮುಖ ಉದುರುತ್ತದೆ. ಸುಣ್ಣದಿಂದಲೇ ತುಂಬಿ. ಬಣ್ಣವೂ ಆವಿಯನ್ನು ಹೊರಬಿಡುವಂಥದ್ದಾಗಿರಲಿ.

ಹಳೆ ಇಟ್ಟಿಗೆಯನ್ನು ಮರಳು ಚಿಮ್ಮಿಸಿ ಕೆಂಪಗೆ ಮಾಡಿಸುವುದು ಎಲ್ಲರೂ ಮಾಡುವ ತಪ್ಪು. ಸುಟ್ಟಾಗ ಗಟ್ಟಿಯಾದ ಹೊರಪದರವೇ ಇಟ್ಟಿಗೆಯ ರಕ್ಷಣೆ. ಮರಳು ಅದನ್ನು ಕೆತ್ತಿಹಾಕುತ್ತದೆ, ಮತ್ತೆ ತರಲು ಆಗುವುದಿಲ್ಲ.

ಚರ್ಮದ ಅಥವಾ ಗೊಬ್ಬರದ ಗೋದಾಮುಗಳಲ್ಲಿ ಗೋಡೆಗೆ ಇಳಿದ ಉಪ್ಪು ಗಾಳಿಯ ತೇವವನ್ನೇ ಎಳೆದುಕೊಳ್ಳುತ್ತದೆ. ಎಷ್ಟು ಸಲ ಪ್ಲಾಸ್ಟರ್ ಮಾಡಿದರೂ ಉಬ್ಬುತ್ತದೆ. ಉಪ್ಪು ಹೀರುವ ಲೇಪನ ಹಾಕಿ ತೆಗೆಯುತ್ತಾ ಹೋಗಬೇಕು. ಅದೂ ಸಾಲದಿದ್ದರೆ ಗೋಡೆಯಿಂದ ಸ್ವಲ್ಪ ದೂರ ಬಿಟ್ಟು, ಗಾಳಿ ಆಡುವ ಹಾಗೆ ಇನ್ನೊಂದು ತೆಳು ಗೋಡೆ ನಿಲ್ಲಿಸಿ.

ಚಳಿ ಪ್ರದೇಶದಲ್ಲಿ ಒಳಗಡೆಯಿಂದ ದಪ್ಪ ಹೊದಿಕೆ ಹಾಕಿದರೆ ಹಳೆ ಗೋಡೆ ತಣ್ಣಗಾಗಿ ಒಣಗುವುದೇ ಇಲ್ಲ. ಮೊದಲು ಕೊಳೆಯುವುದು ಗೋಡೆಯೊಳಗಿನ ತೊಲೆಯ ತುದಿ. ತೆಳುವಾದ, ಆವಿ ಹಾಯಲು ಬಿಡುವ ಹೊದಿಕೆ ಸಾಕು. ಮಾಡಿಗೆ ಮಾತ್ರ ಧಾರಾಳವಾಗಿ ಹಾಕಿ, ಚಳಿಗೂ ಬಿಸಿಲಿಗೂ ಒಳ್ಳೆಯದು. ಹಳೆ ಉಕ್ಕಿನ ಕಿಟಕಿಗಳನ್ನು ಕಿತ್ತು ಹಾಕದೆ ಒಳಗಡೆ ಇನ್ನೊಂದು ಗಾಜಿನ ಚೌಕಟ್ಟು ಕೂರಿಸಬಹುದು.

## ಹಂತ 10: ಪೈಪು, ವೈರು, ಸದ್ದು

ಹಳೆ ಪೈಪು, ಹಳೆ ವೈರು ಯಾವುದನ್ನೂ ಉಳಿಸಿಕೊಳ್ಳಬೇಡಿ. ಹಳೆ ಚರಂಡಿಯೊಳಗೆ ಕ್ಯಾಮೆರಾ ಇಳಿಸಿ ಅದು ಎಲ್ಲಿಗೆ ಹೋಗುತ್ತದೆ ನೋಡಿ. ಬಳಸದ ಕವಲುಗಳನ್ನು ಮುಚ್ಚಿ, ಇಲ್ಲದಿದ್ದರೆ ವಾಸನೆಯೂ ಆವಿಯೂ ಅಲ್ಲಿಂದ ಬರುತ್ತದೆ. ಸ್ನಾನದ ಮನೆಗಳನ್ನು ಮಹಡಿಯಿಂದ ಮಹಡಿಗೆ ಒಂದರ ಮೇಲೊಂದು ಇಟ್ಟರೆ ಸ್ಲ್ಯಾಬ್ ಕೊರೆಯುವುದು ಕಡಿಮೆ.

ಮರದ ನೆಲದಲ್ಲಿ ಮೇಲಿನವರ ಹೆಜ್ಜೆ ಕೆಳಗಿನವರಿಗೆ ಕೇಳುತ್ತದೆ. ಮೇಲೆ ತೇಲುವ ಪದರ (ತೊಲೆಗೆ ನೇರ ತಾಗದಂತೆ ಮೆತ್ತೆಯ ಮೇಲೆ ಹಾಸಿದ ನೆಲ), ಕೆಳಗೆ ಸ್ಪ್ರಿಂಗಿನ ಕೊಂಡಿಯಲ್ಲಿ ತೂಗುವ ಸೀಲಿಂಗ್, ಎರಡೂ ಬೇಕು. ತೊಲೆ ಕಾಣಬೇಕು ಎಂದು ಸೀಲಿಂಗ್ ಬಿಟ್ಟರೆ ಆಮೇಲೆ ಜಗಳ ತಪ್ಪದು.

## ಹಂತ 11: ವಾಸಕ್ಕೆ ಹೋಗುವ ಮುನ್ನ

ಕಿಟಕಿ ಬಾಗಿಲು ಮುಚ್ಚಿಟ್ಟು ಒಳಗಿನ ಗಾಳಿಯನ್ನು ಪರೀಕ್ಷಿಸಿ. ಒಳಗೆ ಬೆಚ್ಚಗಿದ್ದು ಹೊರಗೆ ತಣ್ಣಗಿರುವಾಗ ಕಟ್ಟಡ ನೆಲದಡಿಯ ಗಾಳಿಯನ್ನು ಮೇಲಕ್ಕೆ ಎಳೆಯುವುದು ಜಾಸ್ತಿ. ಹಾಗಾಗಿ ಒಂದು ಸಲ ಅಳೆದು ಬಿಡಬೇಡಿ, ಬೇರೆ ಬೇರೆ ಋತುವಿನಲ್ಲಿ ಅಳೆಯಿರಿ. ಬಹಳ ದಿನ ನೀರು ನಿಂತ ಹೊಸ ಪೈಪುಗಳನ್ನು ಚೆನ್ನಾಗಿ ಹರಿಸಿ ತೊಳೆಯಿರಿ, ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ, ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ವಾಸಯೋಗ್ಯ ಎಂಬ ಪ್ರಮಾಣಪತ್ರ ಕೈಗೆ ಬರುವ ತನಕ ಸಾಮಾನು ತರಬೇಡಿ.

ಹೋದ ಮೇಲೆ ಮೊದಲ ವರ್ಷ ಗಮನಿಸಬೇಕಾದವು: ನೆಲಮಟ್ಟದ ಕೋಣೆಯಲ್ಲಿ ಸಿಹಿ ಅಥವಾ ಪೆಟ್ರೋಲಿನಂಥ ವಾಸನೆ, ಒಂದೇ ಕಡೆ ಮತ್ತೆ ಮತ್ತೆ ಬರುವ ಬಿಳಿ ಉಪ್ಪು, ಚೌಕಟ್ಟಿಗೆ ಸಿಕ್ಕಿಕೊಳ್ಳುವ ಬಾಗಿಲು, ತೊಲೆಯ ತುದಿಯ ಹತ್ತಿರ ಅಣಬೆಯ ವಾಸನೆ. ಮೊದಲನೆಯದಕ್ಕೆ ಆ ದಿನವೇ ಕೋಣೆ ಖಾಲಿ ಮಾಡಿ ಲ್ಯಾಬಿಗೆ ಫೋನ್ ಮಾಡಿ. ಉಳಿದವಕ್ಕೆ ಎಂಜಿನಿಯರ್ ಬಂದು ನೋಡುವಷ್ಟು ಸಮಯ ಇದೆ.

ಎಲ್ಲ ಪರೀಕ್ಷೆಯ ವರದಿ, ಉಳಿಸಿ ಮುಚ್ಚಿದ ಸೀಸದ ಬಣ್ಣ ಎಲ್ಲಿದೆ, ನೆಲದಡಿಯ ಪೊರೆ ಎಲ್ಲಿ ಹಾಸಿದೆ, ಆವಿ ಎಳೆಯುವ ಫ್ಯಾನಿನ ಸ್ವಿಚ್ ಎಲ್ಲಿ ಎಂಬುದನ್ನೆಲ್ಲ ಒಂದು ಕಡತದಲ್ಲಿಡಿ. ಪ್ರತಿ ಮನೆಯವರಿಗೂ ಅದರ ಪ್ರತಿ ಕೊಡಿ. ಮುಂದೆ ಯಾರೋ ಒಬ್ಬರು ಡ್ರಿಲ್ ಹಿಡಿದು ಗೋಡೆಗೋ ನೆಲಕ್ಕೋ ತೂತು ಕೊರೆಯುವ ಮುನ್ನ ಅದನ್ನು ತೆರೆದು ನೋಡಬೇಕು ಎಂದು ಮಾರಾಟದ ಕರಾರಿನಲ್ಲೇ ಬರೆಸಿ.